ಹರಿಕೇನ್ ಕಾಟ ತಪ್ಪಿಸೋಕೆ ಒಳನಾಡಿನ ಲೇಕ್: ಟೆಕ್ಸಸ್‌ನಲ್ಲಿ ಹಾಯಿದೋಣಿ ಎಲ್ಲಿಡೋದು?

ಕೆಮಾ_ಹಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದೋಣಿ ಕ್ಯಾಟಲಿನಾ 22 (ಸುಮಾರು 22 ಅಡಿಯ ಹಾಯಿದೋಣಿ), ಸ್ವಿಂಗ್ ಕೀಲ್ (ತಳದಲ್ಲಿ ಎತ್ತಿ ಇಳಿಸಬಹುದಾದ ಭಾರದ ರೆಕ್ಕೆ), ಟ್ರೇಲರ್ ಜೊತೆಗಿದೆ. ಈಗ ಗ್ಯಾಲ್ವೆಸ್ಟನ್ ಬೇ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ, ಒಂದು ಮರೀನಾದ (ದೋಣಿ ನಿಲ್ದಾಣದ) ಸ್ಲಿಪ್‌ನಲ್ಲಿ, ಅಂದರೆ ಒಂದು ದೋಣಿ ಕಟ್ಟೋ ಜಾಗದಲ್ಲಿ, ನೀರಲ್ಲೇ ನಿಂತಿದೆ. ಮನೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್.

ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಅದರ ಕಾವು ಏರೋದು ಸೆಪ್ಟೆಂಬರ್‌ನಲ್ಲಿ, ಸರಿಯಾಗಿ ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗುವ ಹೊತ್ತಿಗೆ. ಆಗ ದೋಣಿ ಎತ್ತಿ ಸಾಗಿಸೋಕೆ ಇಲ್ಲಿ ಯಾರೂ ಇರೋಲ್ಲ. ಹಾಗಾಗಿ ಒಳನಾಡಿನ ಲೇಕ್ ಒಂದಕ್ಕೆ ಖಾಯಂ ಆಗಿ ಬದಲಾಯಿಸೋ ಯೋಚನೆ.

ಪಟ್ಟಿಯಲ್ಲಿರೋದು ಕಾನ್ರೋ, ಲಿವಿಂಗ್‌ಸ್ಟನ್, ಟ್ರಾವಿಸ್, ಕ್ಯಾನ್ಯನ್, ಟೆಕ್ಸೋಮಾ. ಸಮುದ್ರದಿಂದ ಎಷ್ಟು ಮೈಲಿ ಒಳಗೆ ಹೋದರೆ ನೆಮ್ಮದಿ? ಐದರಲ್ಲಿ ಯಾವುದು ಸರಿ? ನೀರಲ್ಲೇ ಬಿಡೋದಾ, ಟ್ರೇಲರ್ ಮೇಲಿಡೋದಾ? ಬಳಕೆ ಅಂದರೆ ವಾರಾಂತ್ಯದ ಹಾಯಿ, ಅಪರೂಪಕ್ಕೆ ಒಂದು ರಾತ್ರಿ ದೋಣಿಯಲ್ಲೇ ತಂಗೋದು. ಜೊತೆಗೆ 9 ಮತ್ತು 12 ವರ್ಷದ ಇಬ್ಬರು ಮಕ್ಕಳು.

ಹಿನ್ನೀರು_ಆಸ್ಟಿನ್

ಮೈಲಿ ಲೆಕ್ಕ ಆಮೇಲೆ ಇಟ್ಟುಕೊಳ್ಳೋಣ. ಹರಿಕೇನ್‌ನಲ್ಲಿ ದೋಣಿ ಯಾವುದರಿಂದ ಹಾಳಾಗುತ್ತೆ ಅಂತ ಮೊದಲು ನೋಡಿ. ಕರಾವಳಿಯಲ್ಲಿ ಗಾಳಿಗಿಂತ ದೊಡ್ಡ ಶತ್ರು ಸರ್ಜ್, ಅಂದರೆ ಗಾಳಿ ತಳ್ಳಿಕೊಂಡು ಬರೋ ಸಮುದ್ರದ ನೀರು. 2008ರ ಸೆಪ್ಟೆಂಬರ್‌ನಲ್ಲಿ ಐಕ್ ಹರಿಕೇನ್ ಬಂದಾಗ ನಿಮ್ಮ ಕ್ಲಿಯರ್ ಲೇಕ್, ಪಕ್ಕದ ಕೆಮಾ ಊರಿನ ಕಡೆ ನೀರು 10 ಅಡಿಗೂ ಮೀರಿ ಏರಿತ್ತು. ಅಷ್ಟು ಏರಿದರೆ ಒಳ್ಳೆ ಹಗ್ಗ, ಒಳ್ಳೆ ಗಂಟು ಯಾವುದೂ ಉಳಿಸೋಲ್ಲ. ತೇಲುವ ಡಾಕ್ (ದೋಣಿ ಕಟ್ಟೋ ಹಲಗೆದಾರಿ) ಕಂಬದ ತುದಿ ದಾಟಿ ಕಳಚಿಕೊಂಡರೆ ಅದಕ್ಕೆ ಕಟ್ಟಿದ ದೋಣಿಗಳೂ ಒಟ್ಟಿಗೆ ಹೊರಡುತ್ತವೆ.

ಅಣೆಕಟ್ಟಿನ ಹಿಂದಿರೋ ಯಾವ ಲೇಕ್‌ಗೆ ಹೋದರೂ ಈ ಸರ್ಜ್ ಅನ್ನೋದು ಪೂರ್ತಿ ತಪ್ಪುತ್ತೆ. ಹ್ಯೂಸ್ಟನ್‌ನಿಂದ ಗಂಟೆಯ ದಾರಿ ಇರೋ ಕಾನ್ರೋದಲ್ಲೂ ತಪ್ಪುತ್ತೆ. ಆದರೆ 'ಲೇಕ್' ಅನ್ನೋ ಹೆಸರು ನಂಬಬೇಡಿ. ನಿಮ್ಮ ಕ್ಲಿಯರ್ ಲೇಕ್ ಸಮುದ್ರಕ್ಕೇ ತೆರೆದುಕೊಂಡಿದೆ. ನ್ಯೂ ಆರ್ಲಿಯನ್ಸ್ ಪಕ್ಕದ ಪಾಂಚಟ್ರೇನ್ ಕೂಡ ಹಾಗೇ, 2005ರ ಕಟ್ರಿನಾದಲ್ಲಿ ಸರ್ಜ್ ಒಳಗೆ ಬಂದದ್ದು ಅದರ ಮೂಲಕವೂ ಹೌದು. ಫ್ಲಾರಿಡಾದ ಒಕಿಚೋಬಿ ಸಮುದ್ರದಿಂದ ದೂರ ಇದ್ದರೂ ಬಲು ಅಗಲ, ಬಲು ಆಳವಿಲ್ಲದ್ದು. 1928ರ ಹರಿಕೇನ್ ಗಾಳಿ ಅದರ ನೀರನ್ನೇ ಒಂದು ದಡಕ್ಕೆ ದೂಡಿತು, ಆ ದಡದ ಏರಿ (ಒಡ್ಡು) ಒಡೆಯಿತು, ಸಾವಿರಾರು ಜನ ಸತ್ತರು. ಅಗಲವಾದ, ಆಳವಿಲ್ಲದ ನೀರು ಗಾಳಿಗೆ ವಾಲುತ್ತೆ ಅನ್ನೋದು ಲೇಕ್ ಆರಿಸುವಾಗ ಮನಸ್ಸಲ್ಲಿರಲಿ.

ಇನ್ನು ಗಾಳಿ. ಭೂಮಿಗೆ ಬಂದ ಮೇಲೆ ಹರಿಕೇನ್ ಸೊರಗುತ್ತೆ ನಿಜ, ಆದರೆ ಎಷ್ಟು ಬೇಗ ಅನ್ನೋದು ಅದು ಸಾಗೋ ವೇಗದ ಮೇಲಿದೆ. 1989ರ ಹ್ಯೂಗೋ ವೇಗವಾಗಿ ಸಾಗಿ, ಕರಾವಳಿಯಿಂದ ಸುಮಾರು 200 ಮೈಲಿ ಒಳಗಿರೋ ಶಾರ್ಲಟ್ ಊರಲ್ಲೂ ಮರ ಉರುಳಿಸಿತ್ತು. ಐಕ್ ಗಾಳಿ ಲಿವಿಂಗ್‌ಸ್ಟನ್ ಹಿನ್ನೀರಿನಲ್ಲಿ ಎಬ್ಬಿಸಿದ ಅಲೆ ಅಣೆಕಟ್ಟಿನ ನೀರಿನ ಕಡೆಯ ಕಲ್ಲಿನ ಹೊದಿಕೆಯನ್ನೇ ಕಿತ್ತಿತ್ತು. ಅಣೆಕಟ್ಟಿನ ಕಲ್ಲು ಕೀಳುವ ಅಲೆ ಅಲ್ಲಿನ ತೆರೆದ ಡಾಕ್‌ಗೆ ಏನು ಮಾಡೀತು ಅಂತ ನೀವೇ ಊಹಿಸಿ. 2024ರ ಜುಲೈ 8ರಂದು ಬಂದ ಬೆರಿಲ್ ಸಾಗಿದ್ದೂ ಹ್ಯೂಸ್ಟನ್ ದಾಟಿ ಅದೇ ದಿಕ್ಕಿಗೆ. ಹಾಗಾಗಿ ಗಾಳಿಯ ಮಟ್ಟಿಗೆ ಕಾನ್ರೋ, ಲಿವಿಂಗ್‌ಸ್ಟನ್ ಎರಡೂ ಇನ್ನೂ ಹರಿಕೇನ್ ಸೀಮೆಯೇ. 150 ಮೈಲಿ ದಾಟಿದ ಮೇಲೆ ನೆಮ್ಮದಿ ಹೆಚ್ಚು, ಪೂರ್ತಿ ಅಲ್ಲ.

ಇಲ್ಲಿ ಹೆಚ್ಚಿನವರು ಎಡವೋದು ಮೂರನೇ ವಿಷಯದಲ್ಲಿ. ಟೆಕ್ಸಸ್‌ನಲ್ಲಿ ಲೇಕ್ ಅನ್ನೋದೆಲ್ಲ ಹೆಚ್ಚುಕಡಿಮೆ ಅಣೆಕಟ್ಟಿನ ಹಿನ್ನೀರು. ಹಿನ್ನೀರು ಏರುತ್ತೆ, ಇಳಿಯುತ್ತೆ, ಗೇಟು ಇನ್ನೊಬ್ಬರ ಕೈಯಲ್ಲಿರುತ್ತೆ. 2017ರ ಹಾರ್ವಿ ಮಳೆಗೆ ಕಾನ್ರೋ ತನ್ನ 201 ಅಡಿ ಮಟ್ಟ ಮೀರಿ 206 ಅಡಿ ಮುಟ್ಟಿತು, ಗೇಟಿನಿಂದ ಸೆಕೆಂಡಿಗೆ 79,000 ಘನ ಅಡಿಯಷ್ಟು ನೀರು ಬಿಟ್ಟರು. ಐದು ಅಡಿ ಏರಿಕೆ ಕೇಳೋಕೆ ಸಣ್ಣದು. ಸ್ಥಿರ ಡಾಕ್‌ಗೆ ಬಿಗಿಯಾಗಿ ಕಟ್ಟಿದ ದೋಣಿಗೆ ಅಷ್ಟೇ ಸಾಕು: ಹಗ್ಗ ಮೂತಿಯನ್ನ ಕೆಳಗೇ ಹಿಡಿದಿಟ್ಟುಕೊಳ್ಳುತ್ತೆ, ಕಾಕ್‌ಪಿಟ್‌ಗೆ (ಜನ ಕೂರೋ ತಗ್ಗಿಗೆ) ನೀರು ನುಗ್ಗುತ್ತೆ.

ಟ್ರಾವಿಸ್‌ನಲ್ಲಿ ಏರಿಳಿತ ಇನ್ನೂ ದೊಡ್ಡದು. ತುಂಬಿದ ಮಟ್ಟ 681 ಅಡಿ. 1951ರಲ್ಲಿ 614ಕ್ಕೆ ಇಳಿದಿತ್ತು, 1991ರ ಕ್ರಿಸ್‌ಮಸ್‌ಗೆ 710 ದಾಟಿತ್ತು, 2018ರ ಅಕ್ಟೋಬರ್‌ನಲ್ಲಿ 704. ಕೆಆರ್‌ಎಸ್ 124.80 ಅಡಿ ಅಂತ ಪೇಪರಲ್ಲಿ ಓದಿ ಬೆಳೆದ ನಮಗೆ ಇಲ್ಲೊಂದು ಗೊಂದಲ ಆಗುತ್ತೆ. ಅಲ್ಲಿನ ಲೆಕ್ಕ ಕಟ್ಟೆಯ ಬುಡದಿಂದ, ಇಲ್ಲಿನ 681 ಸಮುದ್ರ ಮಟ್ಟದಿಂದ. 640 ಅಂದರೆ 640 ಅಡಿ ನೀರಿದೆ ಅಂತಲ್ಲ, ತುಂಬಿದ ಮಟ್ಟಕ್ಕಿಂತ 41 ಅಡಿ ಕೆಳಗಿದೆ ಅಂತ.

ಕ್ಯಾನ್ಯನ್ ಹಿನ್ನೀರಿನ ಮಟ್ಟ 909 ಅಡಿ. 2002ರ ಜುಲೈನಲ್ಲಿ ನೀರು 943 ಅಡಿಯ ಕೋಡಿ ಮೇಲೆ ಹರಿದು ಕೆಳಗಿನ ಕಣಿವೆಯನ್ನೇ ಕೊರೆಯಿತು. ಅದೇ ಲೇಕ್ 2024ರ ಹೊತ್ತಿಗೆ 30 ಅಡಿಯಷ್ಟು ಇಳಿದು ಬಹುಪಾಲು ರ‍್ಯಾಂಪ್‌ಗಳು (ದೋಣಿ ನೀರಿಗಿಳಿಸೋ ಇಳಿಜಾರುಗಳು) ಒಣ ನೆಲದಲ್ಲಿ ಮುಗಿಯುತ್ತಿದ್ದವು. ಹರಿಕೇನ್ ಎಂದೋ ಒಮ್ಮೆ ಬರುತ್ತೆ. ಒಳನಾಡಲ್ಲಿ ನಿಮ್ಮ ಹಾಯಿ ನಿಲ್ಲಿಸೋದು ಅದಕ್ಕಿಂತ ಹೆಚ್ಚು ಸಲ ಬರಗಾಲ.

ನೀರಲ್ಲೇ ಇಡೋದಾದರೆ ನನ್ನ ಆಯ್ಕೆ ಟ್ರಾವಿಸ್. ಆಳ ಇದೆ, ಡಾಕ್ ಎಲ್ಲ ತೇಲುವಂಥವು, ಕೇಬಲ್ಲು-ವಿಂಚು ಇಟ್ಟು ಮಟ್ಟದ ಜೊತೆ ಮರೀನಾವನ್ನೇ ಆಳದ ಕಡೆ ಎಳೆಯೋ ಅಭ್ಯಾಸ ಅಲ್ಲಿನವರಿಗಿದೆ. ಹಾಯಿಗೆ ಮ್ಯಾನ್ಸ್‌ಫೀಲ್ಡ್ ಡ್ಯಾಮ್ ಹತ್ತಿರದ ಅಗಲ ಭಾಗವೇ ಸರಿ. ಮೇಲಕ್ಕೆ ಹೋದಷ್ಟೂ ಲೇಕ್ ಗುಡ್ಡಗಳ ನಡುವೆ ಹಾವಿನ ಹಾಗೆ ಸುತ್ತುತ್ತೆ, ಪ್ರತಿ ತಿರುವಿನಲ್ಲೂ ಗಾಳಿ ದಿಕ್ಕು ಬದಲಾಗುತ್ತೆ. ನೀರು ಇಳಿದಾಗ ನಡುವೆ ಮೇಲೇಳೋ ನಡುಗಡ್ಡೆಗಳಿವೆ, ಹೆಸರೇ ಸಮ್‌ಟೈಮ್ಸ್ ಐಲ್ಯಾಂಡ್ಸ್. ಪೂರ್ತಿ ಮೇಲೆದ್ದಾಗ ಅಪಾಯ ಇಲ್ಲ, ಮುಳುಗಿ ಎರಡು-ಮೂರು ಅಡಿ ಕೆಳಗಿದ್ದಾಗ ಕೀಲ್ ಹೊಡೆಯುತ್ತೆ.

ಟೆಕ್ಸೋಮಾ ಹಾಯಿಗೆ ಇವೆಲ್ಲಕ್ಕಿಂತ ಚೆನ್ನಾಗಿದೆ. ಸುಮಾರು 89,000 ಎಕರೆ, ಬೇಸಿಗೆಯ ದಕ್ಷಿಣದ ಗಾಳಿಗೆ ಅಡ್ಡಿ ಇಲ್ಲ, 40 ಅಡಿ ದೋಣಿಗಳೂ ಅಲ್ಲಿ ಓಡಾಡುತ್ತವೆ. ಹರಿಕೇನ್ ಗಾಳಿ ಅಲ್ಲಿಗೆ ಮುಟ್ಟೋ ಹೊತ್ತಿಗೆ ಬರೀ ಮಳೆ. ಆದರೆ ಶುಗರ್ ಲ್ಯಾಂಡ್‌ನಿಂದ ಐದೂವರೆ ಗಂಟೆ. ಒಂದು ದಿನದ ಹಾಯಿಗೆ ಹನ್ನೊಂದು ಗಂಟೆ ಕಾರು ಓಡಿಸೋರು ಎರಡನೇ ತಿಂಗಳಿಗೆ ಹೋಗೋದು ಬಿಡ್ತಾರೆ, ದೋಣಿ ಅಲ್ಲೇ ಪಾಚಿ ಹಿಡಿಯುತ್ತೆ. ಅದನ್ನ ಡಲ್ಲಾಸ್‌ನವರಿಗೆ ಬಿಡಿ.

ಧಾರವಾಡ_ಟು_ಕಾನ್ರೋ

ಮ್ಯಾಲಿನವರು ಹೇಳಿದ್ದು ಖರೇ ಅದ, ಆದ್ರ ಒಂದು ಮಾತು ಬಿಟ್ಟಾರ. ನಿಮ್ಮ ದೋಣಿಗೆ ಟ್ರೇಲರ್ ಅದ ಅಲ್ರೀ! ಟ್ರೇಲರ್ ಇದ್ದವರು ಗಾಳಿಗೆ ಅಂಜಿ ಮೂರು ತಾಸು ದೂರದ ಲೇಕ್ ಹಿಡಿಯೂದು ಯಾಕ? ಕಾನ್ರೋದಾಗ ಮಾಸ್ಟ್ (ಹಾಯಿ ಕಂಬ) ಎತ್ತಿದಂಗೇ ನಿಲ್ಲಿಸೋ ಒಣ ಜಾಗ ಸಿಗತೈತೇನು ನೋಡ್ರಿ. ಮನಿಯಿಂದ ಒಂದೂವರೆ ತಾಸಿನ ಒಳಗ. ಹೋದ್ರಿ, ರ‍್ಯಾಂಪಿನ್ಯಾಗ ಇಳಿಸಿದ್ರಿ, ಸಂಜಿಗೆ ಎತ್ತಿಟ್ರಿ. ಬೇ ಬಿಟ್ಟು ಬಂದ್ರ ಸರ್ಜ್ ಇಲ್ಲ, ನೀರಿನಿಂದ ಎತ್ತಿಟ್ರ ಡಾಕಿನ ಚಿಂತಿ ಇಲ್ಲ.

ಊರಿಗೆ ಹೋಗೂ ಮುಂದ ಮಾಸ್ಟ್ ಇಳಿಸಿ, ಬೂಮ್ (ಹಾಯಿಯ ಕೆಳಗಿನ ಅಡ್ಡ ಕೋಲು), ಹಾಯಿ, ಚುಕ್ಕಾಣಿ ಎಲ್ಲಾ ಮನಿಗೆ ತಂದ್ ಬಿಡ್ರಿ. ಟ್ರೇಲರ್ ಚಕ್ರಕ್ಕ ಹಿಂದ-ಮುಂದ ಕಟ್ಟಿಗಿ ತುಂಡು ಇಡ್ರಿ. ದೋಣಿ ಮ್ಯಾಲಿಂದ ಎರಡು ಪಟ್ಟಿ ಹಾಕಿ ನೆಲಕ್ಕ ಹೊಡೆದ ಆಂಕರ್‌ಗೆ ಬಿಗೀರಿ, ಬರೀ ಟ್ರೇಲರಿಗೆ ಕಟ್ಟಿದ್ರ ಟ್ರೇಲರ್ ಸಮೇತ ಉರುಳತೈತಿ. ಕಾಕ್‌ಪಿಟ್ಟಿನ ನೀರು ಹೋಗೋ ತೂತು ಎಲಿ-ಕಸ ಇಲ್ಲದಂಗ ಬಿಚ್ಚಿರಬೇಕು. ಮರದ ಕೆಳಗ ಮಾತ್ರ ನಿಲ್ಲಿಸಬ್ಯಾಡ್ರಿ, ಒಳನಾಡಿನ್ಯಾಗ ದೋಣಿ ಮುರಿಯೂದು ಪೈನ್ ಮರ ಬಿದ್ದು.

ನೀವು ಇಲ್ಲೇ ಇದ್ದಾಗ ಹರಿಕೇನ್ ಬಂತಂದ್ರ, ಮೂರು ದಿನ ಮೊದಲ ಎಳಕೊಂಡು ಹೋಗ್ರಿ. 2005ರಾಗ ರೀಟಾ ಬಂದಾಗ ಹ್ಯೂಸ್ಟನ್ ಖಾಲಿ ಮಾಡಾಕ ಹೋಗಿ ಹೈವೇ ಮ್ಯಾಲೆ ಜನಾ ದಿನಗಟ್ಟಲೆ ಸಿಕ್ಕೊಂಡಿದ್ರು. ಊರು ಬಿಡ್ರಿ ಅಂತ ಸರಕಾರ ಹೇಳಿದ ಮ್ಯಾಲೆ ಟ್ರೇಲರ್ ಎಳಕೊಂಡು ರಸ್ತೆಗೆ ಇಳಿಯೂದು ತಪ್ಪು, ನಿಮಗೂ ತ್ರಾಸು, ಹಿಂದಿನವರಿಗೂ ತ್ರಾಸು.

ಈಗ ಟ್ರೇಲರ್ ಮಾತು. ಬರೇ ದೋಣಿ ಸುಮಾರು 2,250 ಪೌಂಡ್. ಟ್ರೇಲರ್, ಮೋಟಾರು, ಸಾಮಾನು ಕೂಡಿ 3,500ರ ಹತ್ತಿರ ಬರತೈತಿ, ಹಂಗಾಗಿ ಎಳಿಯೋ ಗಾಡಿಗೆ 5,000 ಪೌಂಡ್ ಎಳಿಯೋ ತಾಕತ್ತು ಇರಲಿ. ಟಯರಿನ ಮ್ಯಾಲೆ ಡಾಟ್ (DOT) ಸಂಖ್ಯೆಯ ಕಡೀ ನಾಕು ಅಂಕಿ ನೋಡ್ರಿ: 3219 ಅಂದ್ರ 2019ರ 32ನೇ ವಾರ. ಟ್ರೇಲರ್ ಟಯರ್ ಸವೆದು ಹಾಳಾಗೂದಿಲ್ಲ, ಬಿಸಲಿಗೆ ನಿಂತು ನಿಂತು ಹಾಳಾಗತೈತಿ. ಆರು ವರ್ಷ ದಾಟಿತ್ತಂದ್ರ ಬದಲಿ ಮಾಡ್ರಿ. ಬೇರಿಂಗ್ ಬಿಸಿ ಇದ್ದಾಗ ತಣ್ಣನ್ನ ನೀರಿಗೆ ಇಳಿಸಿದ್ರ ಸೀಲ್ ಒಳಗ ನೀರು ಎಳಕೋತೈತಿ. ರ‍್ಯಾಂಪ್ ಮುಟ್ಟಿದ ಮ್ಯಾಲೆ ಅರ್ಧಾ ತಾಸು ತಡೀರಿ, ಅಷ್ಟರಾಗ ಮಾಸ್ಟ್ ಎತ್ತೂದು ಮುಗೀತೈತಿ.

ಸ್ವಿಂಗ್ ಕೀಲ್ ಬಗ್ಗೆ ಮೈಯೆಲ್ಲಾ ಕಣ್ಣಾಗಿರ್ರಿ. 550 ಪೌಂಡ್ ಎರಕದ ಕಬ್ಬಿಣ, ಮ್ಯಾಲೆ ಎತ್ತಿದಾಗ ದೋಣಿಗೆ 2 ಅಡಿ ನೀರು ಸಾಕು, ಪೂರಾ ಬಿಟ್ಟಾಗ 5 ಅಡಿ ಬೇಕು. ರಸ್ತೆ ಮ್ಯಾಲೆ ಎಳಿಯೂವಾಗ ಕೀಲ್ ಕೇಬಲ್ಲಿಗೆ ಜೋತು ಬಿದ್ದಿರಬಾರದು, ಟ್ರೇಲರಿನ ತೊಟ್ಟಿಲ ಮ್ಯಾಲೆ ಕುಂತಿರಬೇಕು. 3/16 ಇಂಚಿನ ಕೇಬಲ್ಲಿನ ಒಂದು ಎಳಿ ಬಿಚ್ಚಿದ್ರೂ ಪೂರಾ ಕೇಬಲ್ ಬದಲಿ ಮಾಡ್ರಿ. ಬೆರಳಿಂದ ಸವರಿ ನೋಡಬ್ಯಾಡ್ರಿ, ಅರಿವಿ ತುಂಡು ಹಿಡದು ಸವರಿದ್ರ ಬಿಚ್ಚಿದ ಎಳಿ ತಾನ ಅರಿವಿಗೆ ಸಿಗತೈತಿ. ಆ ಕೇಬಲ್ ಒಳಗ ಬರೂ ಕಡೆ, ಮೆಟ್ಟಲದ ಹಿಂದ, ಗೇಣುದ್ದದ ದಪ್ಪ ರಬ್ಬರ್ ಹೋಸು ಎರಡು ಕ್ಲಾಂಪಿನ್ಯಾಗ ಕುಂತಿರತೈತಿ. ಅದರ ಬುಡ ನೀರಿನ ಮಟ್ಟಕ್ಕಿಂತ ಕೆಳಗ ಅದ. ಆ ಹೋಸು ಬಿರುಕು ಬಿಟ್ಟರ ದೋಣಿ ಸ್ಲಿಪ್‌ನ್ಯಾಗ ನಿಂತಲ್ಲೇ ಮುಳುಗತೈತಿ. ಹರಿಕೇನ್ ಬೇಕಾಗೇ ಇಲ್ಲ. ಹೋಸಿನ ಮ್ಯಾಲೆ ಉಗುರು ಒತ್ತಿ ನೋಡ್ರಿ. ಗುರುತು ಉಳೀತು, ಇಲ್ಲಾ ಸಣ್ಣ ಸಣ್ಣ ಗೆರಿ ಕಂಡ್ವು ಅಂದ್ರ ಅವತ್ತೇ ಬದಲಿ. ಹೊಸ ಕ್ಲಾಂಪ್ ಸ್ಟೇನ್‌ಲೆಸ್ ಇರಲಿ, ಸ್ಕ್ರೂ ಸಮೇತ ಸ್ಟೇನ್‌ಲೆಸ್.

ಕಾನ್ರೋದಾಗ 1097 ನಂಬರ್ ರಸ್ತೆಯ ಸೇತುವೆಯ ಉತ್ತರಕ್ಕ ಮುಳುಗಿದ ಮರದ ಬೊಡ್ಡಿ ಬಾಳ ಅದಾವ. ಹಾಯಿ ಆಡೂದು ದಕ್ಷಿಣದ ಅಗಲ ನೀರಿನ್ಯಾಗ. ಶನಿವಾರ ಮಧ್ಯಾಹ್ನ ಮೋಟಾರ್ ಬೋಟಿನ ಗದ್ದಲ ವಿಪರೀತ, ಮುಂಜಾನೆ ಏಳರಿಂದ ಹನ್ನೊಂದು ಒಳಗ ಆಡಿ ಬಿಡ್ರಿ. ಲಿವಿಂಗ್‌ಸ್ಟನ್ ದೊಡ್ಡದು ಖರೇ, ಆದ್ರ ಆಳ ಕಡಿಮಿ, ಅಲ್ಲೂ ಬೊಡ್ಡಿ, ಹಾಯಿದೋಣಿಗೆ ಅನುಕೂಲ ಇರೋ ಮರೀನಾನೂ ಕಡಿಮಿ. ಅದನ್ನ ಪಟ್ಟಿಯಿಂದ ತಗೀರಿ.

ಕೆಮಾ_ಹಾಯಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೋಸ್ ಇವತ್ತೇ ನೋಡ್ತೀನಿ. ಇನ್ನೆರಡು ಸಂದೇಹ. ಉಪ್ಪು ನೀರಿಂದ ಸಿಹಿ ನೀರಿಗೆ ಬದಲಾದರೆ ದೋಣಿಯಲ್ಲಿ ಏನೇನು ಬದಲಾಯಿಸಬೇಕು? ಟ್ರಾವಿಸ್‌ನಲ್ಲಿ ಸ್ಲಿಪ್ ಸಿಕ್ಕರೆ, ಮಕ್ಕಳು ಡಾಕ್ ಪಕ್ಕದಲ್ಲೇ ಈಜಬಹುದಾ? ಬೇ ನೀರಿಗಿಂತ ಅಲ್ಲಿ ನೀರು ಎಷ್ಟೋ ತಿಳಿ.

ವೈರ್‌ಮನ್_ಪ್ಲೇನೋ

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಸಿಹಿ ನೀರಿನ ಮರೀನಾದೊಳಗೆ ಯಾರೂ, ಯಾವತ್ತೂ ಈಜಬಾರದು. ದೊಡ್ಡವರಾದರೂ ಅಷ್ಟೇ, ಐದು ನಿಮಿಷಕ್ಕಾದರೂ ಅಷ್ಟೇ.

ಡಾಕ್‌ನಲ್ಲಿ ಕರೆಂಟ್ ಪಾಯಿಂಟ್ ಇರುತ್ತೆ. ಯಾವುದೋ ದೋಣಿಯ ಬ್ಯಾಟರಿ ಚಾರ್ಜರ್ ಅಥವಾ ಹಳೇ ವೈರಿನಿಂದ ಎಸಿ ಕರೆಂಟ್ ನೀರಿಗೆ ಸೋರಿದರೆ, ಉಪ್ಪು ನೀರಲ್ಲಿ ಅದು ಮನುಷ್ಯನ ಸುತ್ತ ಹರಿದು ಹೋಗುತ್ತೆ. ಉಪ್ಪು ನೀರು ನಮ್ಮ ಮೈಗಿಂತ ಒಳ್ಳೆ ವಾಹಕ. ಸಿಹಿ ನೀರು ಹಾಗಲ್ಲ. ಅಲ್ಲಿ ಮೈಯೇ ಸುಲಭದ ದಾರಿ, ಕರೆಂಟ್ ಮೈಯೊಳಗಿಂದ ಹಾಯುತ್ತೆ. 10 ಮಿಲಿಆಂಪಿಯರ್‌ನಷ್ಟಾದರೂ ಸ್ನಾಯು ಮರಗಟ್ಟುತ್ತೆ, ಈಜು ಬರೋ ಮಗು ಕೂಗದೇ ಮುಳುಗುತ್ತೆ. ನೋಡಿದವರಿಗೆ ಬರೀ ಮುಳುಗಿದ ಹಾಗೆ ಕಾಣುತ್ತೆ. ಯಾರಾದರೂ ನೀರಲ್ಲಿ ಜುಮ್ಮೆನ್ನುತ್ತೆ ಅಂದರೆ ಡಾಕ್ ಕಡೆ ಬರಬೇಡಿ, ಬಂದ ದಾರಿಯಲ್ಲೇ ದೂರ ಹೋಗಿ ಅಂತ ಕೂಗಿ ಹೇಳಿ. ನೀವು ಧುಮುಕಬೇಡಿ. ಮೊದಲು ದಡದಲ್ಲಿರೋ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ, ಕೋಲೋ ಹಗ್ಗವೋ ರಿಂಗೋ ಚಾಚಿ. ಮಕ್ಕಳು ಈಜಬೇಕಿದ್ದರೆ ದೋಣಿಯನ್ನ ಮರೀನಾದಿಂದ ದೂರದ ಕೊಲ್ಲಿಗೆ ಒಯ್ದು, ಲಂಗರು ಹಾಕಿ, ಮೋಟಾರ್ ಆಫ್ ಮಾಡಿ, ಲೈಫ್ ಜಾಕೆಟ್ ತೊಡಿಸಿ ಇಳಿಸಿ. ನಿಮ್ಮ ದೋಣಿಗೆ ದಡದ ಕರೆಂಟ್ ಎಳೆಯೋದಾದರೆ 30 ಮಿಲಿಆಂಪಿಯರ್ ಸೋರಿದರೆ ಕರೆಂಟ್ ಕಡಿಯೋ ಇಎಲ್‌ಸಿಐ (ELCI) ಬ್ರೇಕರ್ ಹಾಕಿಸಿ. ಸ್ಲಿಪ್ ಗೊತ್ತು ಮಾಡೋ ಮೊದಲು ಡಾಕ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಕಡಿಯೋ ರಕ್ಷಣೆ ಇದೆಯಾ, ಕೊನೇ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ಆ ಮರೀನಾ ಬಿಡಿ.

ಇನ್ನು ದೋಣಿಯಲ್ಲಿ ಬದಲಾಯಿಸೋದು. ಉಪ್ಪು ನೀರಲ್ಲಿ ಬೇರೆ ಲೋಹದ ಬದಲು ತಾನೇ ಸವೆಯೋಕೆ ಅಂತ ಹಾಕಿದ ಜಿಂಕ್ ಆನೋಡ್ ಸಿಹಿ ನೀರಲ್ಲಿ ಮೇಲೆ ಪದರ ಕಟ್ಟಿಕೊಂಡು ಸುಮ್ಮನೆ ಕೂರುತ್ತೆ, ಆಗ ಔಟ್‌ಬೋರ್ಡ್‌ನ (ದೋಣಿ ಹಿಂದೆ ತೂಗುಹಾಕಿರೋ ಮೋಟಾರಿನ) ಅಲ್ಯೂಮಿನಿಯಂ ಭಾಗಕ್ಕೆ ರಕ್ಷಣೆ ಇರೋಲ್ಲ. ಅದನ್ನ ತೆಗೆದು ಮೆಗ್ನೀಸಿಯಂ ಹಾಕಿ. ಟೆಕ್ಸೋಮಾ ಮಾತ್ರ ಬೇರೆ, ರೆಡ್ ನದಿ ತರೋ ಉಪ್ಪು ಅದರಲ್ಲಿ ಸ್ವಲ್ಪ ಇದೆ, ಅಲ್ಲಿ ಅಲ್ಯೂಮಿನಿಯಂ ಆನೋಡ್ ಸರಿ. ಇನ್ನೊಂದು ದಿನ ಗ್ಯಾಲ್ವೆಸ್ಟನ್ ಬೇ ಕಡೆ ಹೋಗೋಣ ಅಂತ ಮೆಗ್ನೀಸಿಯಂ ಇಟ್ಟುಕೊಂಡೇ ಉಪ್ಪು ನೀರಿಗೆ ಇಳಿಸಬೇಡಿ, ವಾರಗಳಲ್ಲೇ ಕರಗಿಹೋಗುತ್ತೆ.

ಸಿಹಿ ನೀರಲ್ಲಿ ಬಾರ್ನಕಲ್ (ದೋಣಿ ತಳಕ್ಕೆ ಅಂಟೋ ಸಮುದ್ರದ ಚಿಪ್ಪುಜೀವಿ) ಇಲ್ಲ ಅಂತ ಸಂತೋಷ ಪಡುವ ಮೊದಲು ಫೈಬರ್‌ಗ್ಲಾಸ್ ಗುಳ್ಳೆಗಳ ಬಗ್ಗೆ ತಿಳ್ಕೊಳ್ಳಿ. ಜೆಲ್‌ಕೋಟ್ (ಮೇಲಿನ ಹೊಳಪು ಪದರ) ದಾಟಿ ನೀರು ಒಳಗೆ ಒಸರೋದು ಉಪ್ಪು ನೀರಿಗಿಂತ ಸಿಹಿ ನೀರಲ್ಲಿ ಹೆಚ್ಚು, ಬೆಚ್ಚಗಿದ್ದರೆ ಇನ್ನೂ ಹೆಚ್ಚು. ಟೆಕ್ಸಸ್ ಬೇಸಿಗೆಯ ಲೇಕ್ ಎರಡೂ ಹೌದು. ವರ್ಷವಿಡೀ ನೀರಲ್ಲಿ ಇಡೋದಾದರೆ ಈಗಿನ ಬಣ್ಣ ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ತಡೆಪದರ ಹಚ್ಚಿಸಿ, ಅದರ ಮೇಲೆ ತಳದ ಬಣ್ಣ. ಒಣಗಿಸದೇ ಎಪಾಕ್ಸಿ ಹಚ್ಚಿದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ, ಹಚ್ಚದಿದ್ದರೇ ವಾಸಿ. ಟ್ರೇಲರ್ ಮೇಲಿಡೋರಿಗೆ ಈ ತಾಪತ್ರಯ ಯಾವುದೂ ಇಲ್ಲ.

ಜೀಬ್ರಾ ಮಸೆಲ್ ಅನ್ನೋ ಸಣ್ಣ ಚಿಪ್ಪುಜೀವಿ ಟೆಕ್ಸೋಮಾದಲ್ಲಿ 2009ರಲ್ಲಿ ಕಾಣಿಸಿತು, ಟ್ರಾವಿಸ್, ಕ್ಯಾನ್ಯನ್‌ಗಳಲ್ಲಿ 2017ರಿಂದ ಇದೆ. ಔಟ್‌ಬೋರ್ಡ್‌ನ ತಂಪು ನೀರಿನ ದಾರಿ ಮುಚ್ಚಿಬಿಡುತ್ತೆ, ಆದ್ದರಿಂದ ಸ್ಲಿಪ್‌ನಲ್ಲಿ ಮೋಟಾರ್ ಯಾವಾಗಲೂ ಮೇಲಕ್ಕೆ ಎತ್ತಿಡಿ. ಒಂದು ಲೇಕ್‌ನಿಂದ ಇನ್ನೊಂದಕ್ಕೆ ಒಯ್ಯುವಾಗ ಬಿಲ್ಜ್ (ದೋಣಿಯೊಳಗೆ ತಳದ ತಗ್ಗು), ಮೋಟಾರ್, ಬಕೆಟ್, ಐಸ್‌ಬಾಕ್ಸ್ ಎಲ್ಲದರ ನೀರು ಬಸಿಯೋದು ಟೆಕ್ಸಸ್‌ನಲ್ಲಿ ಕಾನೂನು. ಬಸಿದು, ತೊಳೆದು, ಒಂದು ವಾರ ಒಣಗಿಸಿ. ಕೀಲ್ ಕೂತುಕೊಳ್ಳೋ ಗೂಡಲ್ಲಿ ನೀರು ನಿಂತಿರುತ್ತೆ, ಅದನ್ನ ಮರೀಬೇಡಿ.

ಕೊನೆಯದಾಗಿ ತಲೆ ಮೇಲೆ ನೋಡಿ. ಕ್ಯಾಟಲಿನಾ 22ರ ಮಾಸ್ಟ್ ತುದಿ ನೀರಿನಿಂದ 30 ಅಡಿ ಆಸುಪಾಸು. ಆಂಟೆನಾ, ಗಾಳಿಸೂಚಿ ಸೇರಿಸಿ ನೀವೇ ಅಳೆದು ಒಂದು ಸಂಖ್ಯೆ ಕಾಕ್‌ಪಿಟ್‌ನಲ್ಲಿ ಬರೆದಿಡಿ. ಲೇಕ್ ದಾಟೋ ವಿದ್ಯುತ್ ತಂತಿಯ ಎತ್ತರ, ಸೇತುವೆಯ ಎತ್ತರ ಇವನ್ನ ಹೇಳೋದು ಒಂದು ನಿಗದಿತ ನೀರಿನ ಮಟ್ಟಕ್ಕೆ. ಪ್ರವಾಹದಲ್ಲಿ ಲೇಕ್ 10 ಅಡಿ ಏರಿದ್ದರೆ ಆ ಎತ್ತರದಿಂದ 10 ಅಡಿ ಕಳೀರಿ. ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರುತ್ತೆ. ರ‍್ಯಾಂಪ್ ಪಕ್ಕದ ಪಾರ್ಕಿಂಗ್‌ನಲ್ಲಿ ಮಾಸ್ಟ್ ಎತ್ತುವಾಗಲೂ ಇದೇ ಮಾತು.

ಲೇನಿಯರ್_ಗಾಳಿ

ಅಟ್ಲಾಂಟಾ ಕಡೆಯ ಕನ್ನಡಿಗರೂ ಇದನ್ನ ಓದ್ತಿದ್ದರೆ ಎರಡು ಮಾತು. ಸವಾನಾ, ಫ್ಲಾರಿಡಾ ಕಡೆಯಿಂದ ದೋಣಿ ತರೋರಿಗೆ ಲೇಕ್ ಲೇನಿಯರ್ ಒಳ್ಳೆ ಜಾಗ. ಸುಮಾರು 38,000 ಎಕರೆ, ಬ್ಯೂಫರ್ಡ್ ಡ್ಯಾಮ್‌ನ ಹಿನ್ನೀರು, ಬೇಸಿಗೆಯ ಮಟ್ಟ 1,071 ಅಡಿ. 2007ರ ಡಿಸೆಂಬರ್ ಬರದಲ್ಲಿ 1,051ಕ್ಕೂ ಕೆಳಗಿಳಿದಿತ್ತು, ಆಗ ದಡದ ಹತ್ತಿರದ ಸ್ಲಿಪ್‌ಗಳು ಕೆಸರಲ್ಲಿ ಕೂತಿದ್ದವು. ಸ್ಲಿಪ್ ಆರಿಸೋದಾದರೆ ಡಾಕ್‌ನ ಹೊರತುದಿಯದ್ದು ಕೇಳಿ.

ಇಲ್ಲಿನ ಕೊರತೆ ಬಿರುಗಾಳಿಯದಲ್ಲ, ಗಾಳಿಯದೇ. ಜುಲೈ-ಆಗಸ್ಟ್‌ನಲ್ಲಿ 5 ನಾಟ್ ಸಿಕ್ಕರೆ ಪುಣ್ಯ. 150 ಪ್ರತಿಶತ ಜಿನೋವಾ (ದೊಡ್ಡ ಮುಂದಿನ ಹಾಯಿ), ತೆಳು ಬಟ್ಟೆಯ ಡ್ರಿಫ್ಟರ್ ಹಾಯಿ ಇಟ್ಟುಕೊಳ್ಳಿ, ತಳ ನುಣುಪಾಗಿರಲಿ. ನಿಜವಾದ ಹಾಯಿಕಾಲ ಅಕ್ಟೋಬರ್‌ನಿಂದ ಏಪ್ರಿಲ್. ಟೆಕ್ಸಸ್‌ನವರು ರೀಫ್ ಕಟ್ಟೋದು (ಜೋರು ಗಾಳಿಗೆ ಹಾಯಿ ಕಿರಿದು ಮಾಡೋದು) ಕಲೀಬೇಕು, ನಾವು ಕಾಯೋದು.

ದೂರ ಇದೆ ಅಂತ ಮೈಮರೆಯೋ ಹಾಗಿಲ್ಲ. 2020ರ ಅಕ್ಟೋಬರ್‌ನಲ್ಲಿ ಝೀಟಾ ಇಲ್ಲೂ ಮರ ಕೆಡವಿತು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಅಟ್ಲಾಂಟಾದಲ್ಲಿ ಎರಡು ದಿನಕ್ಕೆ 11 ಇಂಚು ಮಳೆ ಸುರಿಸಿತು, ಪಶ್ಚಿಮ ನಾರ್ತ್ ಕ್ಯಾರೊಲೈನಾದ ಲೇಕ್ ಲೂರ್‌ನಲ್ಲಿ ನೀರು ಅಣೆಕಟ್ಟಿನ ಮೇಲೇ ಹರಿದು, ಮನೆ-ಮರ-ಡಾಕ್‌ಗಳ ಅವಶೇಷ ಇಡೀ ಲೇಕ್ ತುಂಬಿತು. ಕಿರಿದಾದ ಬೆಟ್ಟದ ಕಣಿವೆಯಲ್ಲಿ, ನದಿ ನೇರವಾಗಿ ಬಂದು ಸೇರುವ ಸಣ್ಣ ಲೇಕ್ ಆರಿಸಬೇಡಿ. ದೊಡ್ಡ ಲೇಕ್, ನದಿಯ ಬಾಯಿಯಿಂದ ದೂರದ ಪಕ್ಕದ ಕೊಲ್ಲಿ, ಪ್ರವಾಹದ ನೀರಿಗೆ ಮೀಸಲಿಟ್ಟ ಎತ್ತರ ಇರುವ ಅಣೆಕಟ್ಟು: ಈ ಮೂರೂ ಇರಲಿ.

ಇನ್ಶೂರೆನ್ಸ್ ಕಾಗದದಲ್ಲಿ ದೋಣಿ ಇರೋ ಜಾಗ ಬದಲಾಗಿದೆ ಅಂತ ಬರೆಸಿ. ಕರಾವಳಿ ಪಾಲಿಸಿಯಲ್ಲಿ ಹೆಸರಿಟ್ಟ ಚಂಡಮಾರುತಕ್ಕೆ ಬೇರೆ, ದೊಡ್ಡ ಡಿಡಕ್ಟಿಬಲ್ (ಮೊದಲು ನಾವೇ ಭರಿಸೋ ಮೊತ್ತ) ಇರೋದು ಮಾಮೂಲು. ಒಳನಾಡಿಗೆ ಬಂದ ಮೇಲೆ ಅದನ್ನ ತೆಗೆಸಿ ಕಂತು ಇಳಿಸಿಕೊಳ್ಳಬಹುದು. ಮುಳುಗಿದ ದೋಣಿ ಎತ್ತೋ ಖರ್ಚು ಸೇರಿದೆಯಾ ಅಂತ ಮಾತ್ರ ಬರಹದಲ್ಲಿ ಕೇಳಿ. ಕುಡಿಯೋ ನೀರಿನ ಲೇಕ್‌ನಲ್ಲಿ ಮುಳುಗಿದ ದೋಣಿಯನ್ನ ಹಾಗೇ ಬಿಡೋಕೆ ಯಾರೂ ಒಪ್ಪೋಲ್ಲ.

ಹಿನ್ನೀರು_ಆಸ್ಟಿನ್

ಧಾರವಾಡದವರ ಮಾತು ಒಪ್ಪಿದೆ. ಸೆಪ್ಟೆಂಬರ್‌ನಲ್ಲಿ ನೀವು ಊರಲ್ಲೇ ಇರೋಲ್ಲ ಅಂದ ಮೇಲೆ, ನೀರಿನ ಮೇಲಿನ ಟ್ರಾವಿಸ್‌ಗಿಂತ ಒಣ ನೆಲದ ಕಾನ್ರೋ ಹೆಚ್ಚು ಸುರಕ್ಷಿತ. ಪ್ರವಾಹ ಬಂದಾಗ ಸ್ಲಿಪ್‌ನ ಹಗ್ಗ ಸಡಿಲಿಸೋಕೆ ಯಾರಾದರೂ ಬೇಕೇ ಬೇಕು, ಟ್ರೇಲರ್‌ಗೆ ಬೇಡ. ಒಂದೇ ಷರತ್ತು: ಒಣ ಜಾಗ 207 ಅಡಿಗಿಂತ ಎತ್ತರದಲ್ಲಿರಲಿ. ಹಾರ್ವಿಯಲ್ಲಿ ನೀರು 206 ಮುಟ್ಟಿದ್ದು ನೆನಪಿಡಿ, ನಿಲ್ಲಿಸೋ ಸಾಲು ರ‍್ಯಾಂಪ್ ಪಕ್ಕದಲ್ಲೇ ತಗ್ಗಿನಲ್ಲಿದ್ದರೆ ಟ್ರೇಲರ್ ಮೇಲಿಂದಲೇ ದೋಣಿ ತೇಲುತ್ತೆ.

ಮಕ್ಕಳ ಜೊತೆ ಹೋಗೋದರಿಂದ ಇದೂ ಇರಲಿ: ಒಳನಾಡಲ್ಲಿ ಹರಿಕೇನ್‌ಗಿಂತ ಹತ್ತು ಪಟ್ಟು ಸಲ ಎದುರಾಗೋದು ಗುಡುಗು ಮಳೆಯ ಮುಂದೆ ನುಗ್ಗೋ ಗಾಳಿ. ಅದಕ್ಕೆ ಹೆಸರಿಲ್ಲ, ಮೂರು ದಿನದ ಮುನ್ಸೂಚನೆಯೂ ಇಲ್ಲ. ವಸಂತದಲ್ಲಿ ಉತ್ತರ-ವಾಯುವ್ಯದಿಂದ ಬರುತ್ತೆ. ದಕ್ಷಿಣದ ಗಾಳಿ ಇದ್ದಕ್ಕಿದ್ದಂತೆ ಸತ್ತು, ತಣ್ಣನೆಯ ಗಾಳಿ ಮುಖಕ್ಕೆ ತಾಗಿತು ಅಂದರೆ ನಿಮಗಿರೋದು ಕೆಲವೇ ನಿಮಿಷ. ಜಿಬ್ (ಮುಂದಿನ ಹಾಯಿ) ಇಳಿಸಿ, ಮೇನ್ (ದೊಡ್ಡ ಹಾಯಿ) ಇಳಿಸಿ ಬೂಮ್‌ಗೆ ಕಟ್ಟಿ, ಮಕ್ಕಳನ್ನ ಮಾಸ್ಟ್ ಮತ್ತು ತಂತಿಗಳಿಂದ ದೂರ ಕೂರಿಸಿ, ಮೋಟಾರ್ ಹಾಕಿ ಗಾಳಿಗೆ ಮೂತಿ ಕೊಡಿ. ಕೀಲ್ ಪೂರ್ತಿ ಕೆಳಗಿರಲಿ, ಅರ್ಧ ಎತ್ತಿದ ಕೀಲ್‌ಗೆ ದೋಣಿಯನ್ನ ನೆಟ್ಟಗೆ ಹಿಡಿಯೋ ಬಲ ಕಡಿಮೆ.

ರ‍್ಯಾಂಪ್ ನೋಡೋಕೆ ಹೋಗುವ ದಿನ ಆ ದಿನದ ನೀರಿನ ಮಟ್ಟ ಬರೆದುಕೊಂಡು ಹೋಗಿ, ಟೆಕ್ಸಸ್‌ನ ಎಲ್ಲ ಜಲಾಶಯಗಳ ದೈನಿಕ ಮಟ್ಟ ರಾಜ್ಯದ ಜಲ ಅಭಿವೃದ್ಧಿ ಮಂಡಳಿಯ ತಾಣದಲ್ಲಿ ಸಿಗುತ್ತೆ. ರ‍್ಯಾಂಪ್‌ನ ಕಾಂಕ್ರೀಟ್ ಎಷ್ಟನೇ ಅಡಿಗೆ ಮುಗಿಯುತ್ತೆ ಅಂತ ಉಸ್ತುವಾರಿಯವರನ್ನ ಕೇಳಿ, ಮಟ್ಟದಿಂದ ಅದನ್ನ ಕಳೀರಿ. ನಿಮ್ಮ ದೋಣಿ ತೇಲೋಕೆ ಟ್ರೇಲರ್ ಚಕ್ರದ ಹತ್ತಿರ ಸುಮಾರು ನಾಲ್ಕು ಅಡಿ ನೀರು ಬೇಕು. ಉಳಿದದ್ದು ಐದು ಅಡಿಗಿಂತ ಕಡಿಮೆ ಇದ್ದರೆ ಚಕ್ರ ಕಾಂಕ್ರೀಟ್ ಅಂಚು ದಾಟಿ ಗುಂಡಿಗೆ ಇಳಿಯುತ್ತೆ, ಆಕ್ಸಲ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ರ‍್ಯಾಂಪ್ ಇಳಿಜಾರು ಕಡಿಮೆ ಅಂತ ಕಂಡರೆ, ಟ್ರೇಲರ್ ಮೂತಿಗೆ ಹಾಕೋ 8 ಅಡಿಯ ಉದ್ದಗೊಳಿಸುವ ಪೈಪು ಮಾಡಿಸಿಕೊಳ್ಳಿ. ಅದು ನೀರಿಗೆ ಇಳಿಸೋಕೆ ಮಾತ್ರ, ಹೊರಡುವ ಮುಂಚೆ ಒಳಗೆ ತಳ್ಳಿ ಪಿನ್ ಹಾಕಿ.